ಏರಿ, ತೂಬು ಮತ್ತು ಆಯ: ಹಾಸನ ಸೀಮೆಯ ಕೆರೆ ಪಾಲನೆಯ ಚರಿತ್ರೆ

ಹಾಸನ ಜಿಲ್ಲೆಯ ನೆಲವು ಪಶ್ಚಿಮದ ಸಕಲೇಶಪುರದ ಘಟ್ಟದಂಚಿನಿಂದ ಪೂರ್ವದ ಚನ್ನರಾಯಪಟ್ಟಣದ ಬಯಲಿನವರೆಗೆ ಇಳಿಯುತ್ತ ಹೋದಂತೆ ಮಳೆಯೂ ಇಳಿಮುಖವಾಗುತ್ತದೆ; ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಎಂಬ ಮೂರು ಹವೆಗಳು ಒಂದೇ ಜಿಲ್ಲೆಯ ಎಲ್ಲೆಯೊಳಗೆ ಸೇರಿರುವುದರಿಂದ, ಒಂದು ತುದಿಯ ರೈತನು ಮಳೆ ಯಾವಾಗ ಬಿಟ್ಟೀತೆಂದು ಕಾಯುತ್ತಿರುವ ಹೊತ್ತಿಗೆ ಇನ್ನೊಂದು ತುದಿಯವನು ಅದು ಯಾವಾಗ ಹಿಡಿದೀತೆಂದು ಕಾಯುತ್ತಿರುತ್ತಾನೆ. ಹೇಮಾವತಿ ನದಿಯು ಹಾಸನ ಮತ್ತು ಹೊಳೆನರಸೀಪುರ ತಾಲ್ಲೂಕುಗಳ ಮೂಲಕವೂ ಕಾವೇರಿಯು ಅರಕಲಗೂಡು ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿಯೂ ಹರಿದರೂ, ಹೊಲಗಳಿಗಿಂತ ನದಿಯ ಪಾತ್ರ ತಗ್ಗಿನಲ್ಲಿರುವ ಕಾರಣ, ದಡದ ಕೆಲವು ಊರುಗಳನ್ನು ಬಿಟ್ಟರೆ ಉಳಿದವುಗಳಿಗೆ ಆ ನೀರು ಕಣ್ಣಿಗೆ ಕಂಡರೂ ಕೈಗೆ ಸಿಗುವಂತಿರಲಿಲ್ಲ. ಈ ಸೀಮೆಯಲ್ಲಿ ಊರು ನಿಂತದ್ದು ಕೆರೆಯಿಂದ. ಕೆರೆಯನ್ನು ಕಟ್ಟಿದವರ ಹೆಸರುಗಳು ಶಾಸನಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಕಟ್ಟಿದ ಕೆರೆಯನ್ನು ಆರೇಳು ಶತಮಾನ ಕಾಲ ಕೆಡದಂತೆ ಉಳಿಸಿಕೊಂಡ ವ್ಯವಸ್ಥೆ ಯಾವುದು, ಅದರ ಖರ್ಚನ್ನು ಯಾರು ಹೊತ್ತರು, ಅದರ ದುಡಿಮೆ ಯಾರ ಪಾಲಿಗೆ ಬಂದಿತು ಎಂಬ ಪ್ರಶ್ನೆಗಳು ಕೆರೆಯ ಚರಿತ್ರೆಯಲ್ಲಿ ಹಿಂದೆ ಸರಿದಿವೆ.

ಕೆರೆಯ ರಚನೆ ಮೇಲುನೋಟಕ್ಕೆ ಸರಳವಾದದ್ದು. ಎರಡು ದಿಣ್ಣೆಗಳ ನಡುವಿನ ಕಣಿವೆಗೆ ಅಡ್ಡಲಾಗಿ ಹಾಕಿದ ಮಣ್ಣಿನ ದಿಬ್ಬವೇ ಏರಿ. ಏರಿಯ ಒಳಮೈಗೆ ಅಲೆಯ ಹೊಡೆತ ತಾಗದಂತೆ ಕಲ್ಲು ಹಾಸಿರುತ್ತಾರೆ. ನೀರನ್ನು ಅಳತೆಗೆ ತಕ್ಕಂತೆ ಹೊರಗೆ ಬಿಡುವ ಕಲ್ಲಿನ ಕಿಂಡಿಯು ತೂಬು, ಮಿಗಿಲಾದ ನೀರು ಏರಿಗೆ ಧಕ್ಕೆಯಾಗದಂತೆ ಹೊರಳಿ ಹೋಗುವ ಜಾಗ ಕೋಡಿ, ತೂಬಿನ ನೀರು ತಲುಪುವ ಗದ್ದೆಗಳ ಒಟ್ಟು ವಿಸ್ತಾರ ಅಚ್ಚುಕಟ್ಟು, ನೀರು ನಿಲ್ಲುವ ನೆಲ ಕೆರೆಯಂಗಳ. ಒಂದು ಕೆರೆಯ ಕೋಡಿಯಿಂದ ಹೊರಬಿದ್ದ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಸೇರುವುದರಿಂದ, ಬಯಲುಸೀಮೆಯ ಕೆರೆಗಳು ಬಿಡಿಬಿಡಿಯಾಗಿರದೆ ಸಾಲಾಗಿರುತ್ತವೆ. ಮೇಲಿನ ಊರಿನವರು ತಮ್ಮ ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನ ಊರಿಗೆ ಆ ವರ್ಷ ಬತ್ತವಿಲ್ಲ, ಮೇಲಿನ ಏರಿ ಒಡೆದರೆ ಕೆಳಗಿನ ಏರಿಯೂ ಉಳಿಯುವುದಿಲ್ಲ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಆರ್. ಎಚ್. ಸ್ಯಾಂಕಿ 1866ರಲ್ಲಿ ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ಹತ್ತಿರ ಹತ್ತಿರ ಶೇ. 60ರಷ್ಟು ನೆಲವು ಕೆರೆಗಳ ಜಾಲಕ್ಕೆ ಒಳಪಟ್ಟಿದೆಯೆಂದು ಲೆಕ್ಕ ಕೊಟ್ಟು, ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನವೇ ಬೇಕಾದೀತೆಂದು ಬರೆದನು. ಹೊರಗಿನಿಂದ ಬಂದ ಎಂಜಿನಿಯರನೊಬ್ಬನಿಂದ ಬಂದ ಈ ಮೆಚ್ಚುಗೆಯನ್ನು ಎತ್ತಿ ಆಡುವುದು ವಾಡಿಕೆಯಾಗಿದೆ. ಆದರೆ ಅವನು ನೋಡಿದ್ದು ಬಹುಪಾಲು ಆಗಲೇ ಹೂಳು ತುಂಬಿ, ಏರಿ ಕುಸಿದು, ದುರಸ್ತಿಗೆ ಕಾಯುತ್ತಿದ್ದ ಕೆರೆಗಳನ್ನು ಎಂಬುದನ್ನೂ ಅದರೊಡನೆ ನೆನೆಯಬೇಕಾಗುತ್ತದೆ.

ಹೊಯ್ಸಳರ ಕಾಲದಲ್ಲಿ, ಅಂದರೆ 11ನೇ ಶತಮಾನದಿಂದ 14ನೇ ಶತಮಾನದ ನಡುಭಾಗದವರೆಗೆ, ಈ ಸೀಮೆಯ ಕೆರೆಗಳ ಸಂಖ್ಯೆ ವಿಶೇಷವಾಗಿ ಬೆಳೆಯಿತು. ಹಾಸನಕ್ಕೆ ಸಮೀಪದ ದೊಡ್ಡಗದ್ದವಳ್ಳಿಯಲ್ಲಿ ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ 12ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಇಂದಿಗೂ ಕೆರೆಯ ದಡದಲ್ಲಿಯೇ ನಿಂತಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಣ್ಣಾಯಕನು 13ನೇ ಶತಮಾನದ ನಡುಭಾಗದಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ನಿಲ್ಲಿಸಿದ್ದು ಒಂದು ಅಗ್ರಹಾರದ, ಅಂದರೆ ವಿದ್ವಾಂಸರಾದ ಬ್ರಾಹ್ಮಣರಿಗೆ ತೆರಿಗೆಯ ವಿನಾಯಿತಿಯೊಡನೆ ಬಿಟ್ಟುಕೊಟ್ಟ ಊರಿನ, ನಡುವೆ. ಶ್ರವಣಬೆಳಗೊಳದಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನ ಅತ್ತಿಗೆ ಜಕ್ಕಿಮವ್ವೆಯ ಹೆಸರಿನ ಜಕ್ಕಿಕಟ್ಟೆ 12ನೇ ಶತಮಾನಕ್ಕೆ ಸೇರಿದರೆ, ಚೆನ್ನಣ್ಣನ ಕೊಳ 17ನೇ ಶತಮಾನಕ್ಕೆ ಸೇರುತ್ತದೆ. ಊರ ನಡುವಿನ ಕಲ್ಯಾಣಿಯು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾಗಿ ಅವರ ನಂತರ ಪೂರ್ಣಗೊಂಡಿತು. ಗುಡಿ, ಬಸದಿ, ಅಗ್ರಹಾರ ಇವುಗಳಲ್ಲಿ ಯಾವುದನ್ನು ನಿಲ್ಲಿಸಬೇಕಾದರೂ ನೈವೇದ್ಯಕ್ಕೂ ಅಂಗಭೋಗಕ್ಕೂ ವರ್ಷಂಪ್ರತಿ ಬತ್ತ ಬರಬೇಕು, ಬತ್ತ ಬರಬೇಕಾದರೆ ಕೆರೆ ಬೇಕು. ಆದುದರಿಂದ ಹೊಯ್ಸಳ ಶಿಲ್ಪದ ವೈಭವವನ್ನು ಕುರಿತು ಬರೆಯುವವರು ಬಳಪದ ಕಲ್ಲಿನ ಜೊತೆಗೆ ಜೇಡಿಮಣ್ಣನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳನ್ನು ಓದುವವರಿಗೆ ಮೊದಲು ಕಣ್ಣಿಗೆ ಬೀಳುವುದು ದಾನದ ಭೂಮಿಯನ್ನು ಗುರುತಿಸುವ ರೀತಿ. ಗದ್ದೆಯ ಅಳತೆಯನ್ನು ಅದರಲ್ಲಿ ಬಿತ್ತುವ ಬೀಜದ ಪ್ರಮಾಣದ ಮೇಲೆ ಸಲಗೆ, ಕೊಳಗ ಎಂದು ಹೇಳಿ, ಅದು ಇಂಥ ಕೆರೆಯ ಕೆಳಗೆ, ಇಂಥ ತೂಬಿನ ಬಳಿ, ಮೊದಲೇರಿಯಲ್ಲಿ ಇದೆಯೆಂದು ನಿರ್ದೇಶಿಸುತ್ತಾರೆ. ಮೊದಲೇರಿ ಎಂದರೆ ಏರಿಗೆ ತೀರ ಹತ್ತಿರದ, ಎಲ್ಲಕ್ಕಿಂತ ಮೊದಲು ನೀರುಣ್ಣುವ ಗದ್ದೆ. ದೇವರಿಗೂ ಮಠಕ್ಕೂ ಬಿಟ್ಟ ಭೂಮಿ ಹೆಚ್ಚಾಗಿ ಮೊದಲೇರಿಯಲ್ಲಿಯೇ ಇರುತ್ತಿತ್ತೆಂಬುದು ಗಮನಾರ್ಹ, ಏಕೆಂದರೆ ಊರಿನ ಬಲಿಷ್ಠ ಸಂಸ್ಥೆಯ ಅನ್ನವು ಏರಿಯ ಬುಡದಲ್ಲಿಯೇ ಬೆಳೆಯುತ್ತಿದ್ದರೆ ಏರಿಯ ಮೇಲೆ ಅದರ ಕಣ್ಣು ಸಹಜವಾಗಿಯೇ ಇರುತ್ತದೆ. ಇದಲ್ಲದೆ ಕೆರೆಗಾಗಿಯೇ ಮೀಸಲಾದ ದತ್ತಿಗಳಿದ್ದವು. ಕೆರೆಯನ್ನು ಕಟ್ಟಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಅಚ್ಚುಕಟ್ಟಿನಲ್ಲಿ ಬಿಟ್ಟುಕೊಡುವ ಪಾಲು ಬಿತ್ತುವಟ್ಟ. ಕೆರೆ ಕಟ್ಟೆಗಳನ್ನು ನಿರ್ಮಿಸಿದ ಅಥವಾ ದುರಸ್ತಿ ಮಾಡಿದ ಸಲುವಾಗಿ ತೆರಿಗೆಯಿಲ್ಲದೆ ಇಲ್ಲವೆ ಕಡಿಮೆ ತೆರಿಗೆಗೆ ಕೊಡುವ ಭೂಮಿ ಕಟ್ಟುಗೊಡಗಿ ಅಥವಾ ಕೆರೆಗೊಡಗಿ. ಹೂಳನ್ನು ಸಾಗಿಸಿ ಏರಿಗೆ ಮಣ್ಣು ಹಾಕುವ ಬಂಡಿಗೂ ಅದನ್ನು ಎಳೆಯುವ ಕೋಣಗಳಿಗೂ ಪ್ರತ್ಯೇಕವಾಗಿ ಭೂಮಿ ಬಿಟ್ಟ ಉದಾಹರಣೆಗಳು ಕನ್ನಡ ನಾಡಿನ ಶಾಸನಗಳಲ್ಲಿ ಸಿಗುತ್ತವೆ. ಶಾಸನದ ಕೊನೆಯ ಶಾಪಾಶಯದಲ್ಲಿ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪದ ಮಾತು ಬರುವುದರಿಂದ ಕೆರೆಯನ್ನು ಉಳಿಸಿದ್ದು ಪಾಪಪುಣ್ಯದ ಭಯವೇ ಎಂದು ಭಾವಿಸುವವರಿದ್ದಾರೆ. ಆದರೆ ಆ ಶಾಪಕ್ಕೆ ಮೊದಲು ಬರುವ ಹತ್ತಾರು ಸಾಲುಗಳಲ್ಲಿ ಯಾರಿಗೆ ಎಷ್ಟು ಕೊಳಗ ಗದ್ದೆ ಎಂಬ ಲೆಕ್ಕವಿರುತ್ತದೆ, ಮತ್ತು ಬಂಡಿಯನ್ನು ನಡೆಸಿದ್ದು ಆ ಲೆಕ್ಕ.

ಕೆರೆ ಕಟ್ಟುವುದು ಶಾಸ್ತ್ರವಾಗಿಯೂ ಬೆಳೆದಿತ್ತೆಂಬುದಕ್ಕೆ ಪ್ರಸಿದ್ಧ ಸಾಕ್ಷ್ಯವು ಈ ಜಿಲ್ಲೆಯ ಹೊರಗೆ, ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿದೆ. ವಿಜಯನಗರದ ರಾಜಕುಮಾರ ಭಾಸ್ಕರನ 1369ರ ಆ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸಿ, ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದವೆಂದು ಹೇಳುತ್ತದೆ. ಹಾಸನ ಸೀಮೆಯ ಶಾಸನಗಳು ಅಷ್ಟು ವಿಸ್ತಾರಕ್ಕೆ ಹೋಗುವುದಿಲ್ಲ. ಮಣ್ಣು ಅಗೆದು ಹೊತ್ತವರು ಯಾರೆಂಬುದನ್ನಂತೂ ಎರಡೂ ಕಡೆ ಹೇಳಿಲ್ಲ. ಕಲ್ಲು ಮಣ್ಣಿನ ಕೆಲಸದಲ್ಲಿ ನುರಿತ ಒಡ್ಡರು ಊರಿಂದೂರಿಗೆ ಗುಡಿಸಲು ಬದಲಿಸುತ್ತ ದಕ್ಷಿಣ ಭಾರತದ ಅಸಂಖ್ಯ ಏರಿಗಳನ್ನು ಕಟ್ಟಿದರಾದರೂ ದಾನಿಯ ಹೆಸರಿರುವ ಕಲ್ಲಿನಲ್ಲಿ ಅವರಿಗೆ ಜಾಗ ಸಿಕ್ಕದ್ದು ಅಪರೂಪ.

ವಿಜಯನಗರದ ನಂತರ ಈ ಪ್ರದೇಶ ಪಾಳೆಯಗಾರರ ಕೈಗೆ ಬಂದಿತು. ಅರಕಲಗೂಡನ್ನು 16ನೇ ಶತಮಾನದ ಉತ್ತರಾರ್ಧದಲ್ಲಿ ಐಗೂರು ವಂಶದ ಕೃಷ್ಣಪ್ಪ ನಾಯಕನು ನೆಲೆಗೊಳಿಸಿದನೆಂದೂ, ಕೊಳತ್ತೂರು ಎಂಬ ಹಳ್ಳಿಯಲ್ಲಿ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕನು 1600ರ ಸುಮಾರಿಗೆ ಚನ್ನರಾಯಸ್ವಾಮಿ ಗುಡಿಯನ್ನು ಕಟ್ಟಿಸಿದ ಮೇಲೆ ಅದು ಚನ್ನರಾಯಪಟ್ಟಣವಾಯಿತೆಂದೂ ಗೆಜೆಟಿಯರುಗಳು ದಾಖಲಿಸಿವೆ. 17ನೇ ಶತಮಾನ ಮುಗಿಯುವ ಹೊತ್ತಿಗೆ ಇವೆಲ್ಲ ಒಂದೊಂದಾಗಿ ಮೈಸೂರಿನ ವಶವಾದವು. ಕೋಟೆಗಳ ಒಡೆತನ ಹೀಗೆ ಕೈಯಿಂದ ಕೈಗೆ ಹೋಗುತ್ತಿದ್ದರೂ ತೂಬಿನ ಆಡಳಿತ ಊರಿನಲ್ಲಿಯೇ ಉಳಿಯಿತು. ಅದಕ್ಕೆ ಕಾರಣ ಆಯದ ಪದ್ಧತಿ.

ಆಯವೆಂದರೆ ಊರಿನ ಸೇವೆಗೆ ಪ್ರತಿಯಾಗಿ ಸುಗ್ಗಿಯ ಕಣದಲ್ಲಿ ಕೊಡುವ ಧಾನ್ಯದ ಪಾಲು, ಅದನ್ನು ಪಡೆಯುವವರು ಆಯಗಾರರು. 1810ರಲ್ಲಿ ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ ಹಳ್ಳಿಯ ಹನ್ನೆರಡು ಆಯಗಾರರನ್ನು ಪಟ್ಟಿ ಮಾಡುವಾಗ ಗೌಡ, ಶಾನುಭೋಗ, ತಳವಾರ, ತೋಟಿ, ಕಮ್ಮಾರ, ಬಡಗಿ ಮೊದಲಾದವರ ಜೊತೆಗೆ ನೀರುಗಂಟಿಯನ್ನೂ ಸೇರಿಸಿದ್ದಾನೆ. ತೂಬನ್ನು ತೆಗೆಯುವ ಮುಚ್ಚುವ ಅಧಿಕಾರ ನೀರುಗಂಟಿಯದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನಡೆಸುವವನು, ಕಾಲುವೆಯ ಕಸ ತೆಗೆಯುವವನು, ಏರಿಯಲ್ಲಿ ಇಲಿ ಹೆಗ್ಗಣಗಳು ತೋಡಿದ ಬಿಲವನ್ನು ಮೊದಲು ಕಂಡು ಗೌಡನಿಗೆ ತಿಳಿಸುವವನು, ಮಳೆಗಾಲದ ರಾತ್ರಿ ಏರಿಯ ಮೇಲೆ ಕಾವಲಿರುವವನು ಅವನೇ. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗಕ್ಕೆ ಬತ್ತ, ಎಷ್ಟು ಭಾಗಕ್ಕೆ ರಾಗಿ ಎಂದು ಊರಿನ ಹಿರಿಯರು ತೀರ್ಮಾನಿಸಿದ ಮೇಲೆ ಆ ತೀರ್ಮಾನವನ್ನು ಗದ್ದೆಗದ್ದೆಗೂ ಜಾರಿಗೆ ತರಬೇಕಾದವನೂ ಅವನೇ ಆಗಿರುತ್ತಿದ್ದನು. ಅವನ ಆಯವು ಒಟ್ಟು ಫಸಲಿನ ಮೇಲೆ ನಿಂತಿದ್ದುದರಿಂದ, ಒಬ್ಬ ಶ್ರೀಮಂತನಿಗೆ ಹೆಚ್ಚು ನೀರು ಬಿಟ್ಟು ಹತ್ತು ಜನರ ಬೆಳೆ ಒಣಗಿಸಿದರೆ ನಷ್ಟ ಅವನ ಕಣಜಕ್ಕೂ ತಟ್ಟುತ್ತಿತ್ತು. ನಿಷ್ಪಕ್ಷಪಾತವು ಹೀಗೆ ಅವನ ಸಂಬಳದ ರೂಪದಲ್ಲಿಯೇ ಅಡಗಿತ್ತು.

ಈ ವ್ಯವಸ್ಥೆಯನ್ನು ಹೊಗಳುವಾಗ ಮರೆಯಬಾರದ ಸಂಗತಿಯೊಂದಿದೆ. ಹಲವು ಊರುಗಳಲ್ಲಿ ನೀರುಗಂಟಿಯು ಅಸ್ಪೃಶ್ಯವೆಂದು ಎಣಿಸಲಾಗಿದ್ದ ಜಾತಿಗಳಿಗೆ ಸೇರಿದವನಾಗಿದ್ದು, ಸಾವಿರಾರು ಗದ್ದೆಗಳಿಗೆ ನೀರು ಹಂಚುವವನಿಗೆ ಊರ ಬಾವಿಯಲ್ಲಿ ನೀರು ಸೇದುವ ಹಕ್ಕಿರಲಿಲ್ಲ. ಭೂಮಿಯ ಒಡೆತನವಿಲ್ಲದವನಾದ್ದರಿಂದ ಪಕ್ಷಪಾತ ಮಾಡಲಾರನೆಂಬುದು ಅವನನ್ನು ಆ ಕೆಲಸಕ್ಕೆ ಇಟ್ಟುಕೊಳ್ಳಲು ಕೊಡುತ್ತಿದ್ದ ಸಮರ್ಥನೆ. ಅಂದರೆ ಕೆರೆಯ ನ್ಯಾಯವು ಊರಿನ ಅನ್ಯಾಯವನ್ನು ಆಧಾರವಾಗಿಟ್ಟುಕೊಂಡೇ ನಡೆದಿತ್ತು. ಏರಿಗೆ ಮಣ್ಣು ಹಾಕಲು ಮನೆಗೊಂದು ಆಳು ಕಳುಹಿಸಬೇಕೆಂಬ ಕಟ್ಟಳೆಯೂ ಉಳ್ಳವರ ಮನೆಯಿಂದ ಜೀತದಾಳನ್ನೂ ಇಲ್ಲದವರ ಮನೆಯಿಂದ ಯಜಮಾನನನ್ನೂ ಏರಿಗೆ ಕರೆತರುತ್ತಿತ್ತು. ಹಳೆಯ ಗ್ರಾಮವನ್ನು ಸಹಬಾಳ್ವೆಯ ಆದರ್ಶವೆಂದು ಬಣ್ಣಿಸುವ ಬರಹಗಳು ಈ ಭಾಗವನ್ನು ಬೇಗ ದಾಟಿಹೋಗುತ್ತವೆ.

ಕೆರೆಯ ಸುತ್ತ ಬೆಳೆದ ದಿನಬಳಕೆಯ ರೂಢಿಗಳು ನೀರಿಗಿಂತ ಹೆಚ್ಚಿನದನ್ನು ಒಳಗೊಂಡಿದ್ದವು. ಬೇಸಗೆಯಲ್ಲಿ ಕೆರೆಯಂಗಳ ಒಣಗಿದಾಗ ರೈತರು ಗೋಡುಮಣ್ಣನ್ನು, ಅಂದರೆ ನೀರಿನೊಡನೆ ಹರಿದುಬಂದು ತಳದಲ್ಲಿ ಕೂತ ನುಣುಪಾದ ಹೂಳನ್ನು, ಬಂಡಿಯಲ್ಲಿ ಹೇರಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವೂ ಕೆರೆಗೆ ಆಳವೂ ಒಂದೇ ದುಡಿಮೆಯಿಂದ ದೊರೆಯುತ್ತಿದ್ದವು, ಕುಂಬಾರನ ಜೇಡಿಯೂ ಅಲ್ಲಿಂದಲೇ ಬರುತ್ತಿತ್ತು. ಗದ್ದೆಗೆ ನಾಟಿಯ ಮುಂಚೆ ತುಳಿಯುವ ಹಸಿರೆಲೆ ಗೊಬ್ಬರಕ್ಕೆ ಹೊಂಗೆಯ ಸೊಪ್ಪು ಬೇಕಾದುದರಿಂದ ಹಳ್ಳದ ಅಂಚಿನಲ್ಲಿಯೂ ಬದುಗಳಲ್ಲಿಯೂ ಹೊಂಗೆಯನ್ನು ಕಡಿಯದೆ ಬಿಡುತ್ತಿದ್ದರು. ಅದರ ಬೀಜ ಗಾಣಕ್ಕೆ ಹೋಗಿ ದೀಪದ ಎಣ್ಣೆಯಾಗಿ, ಹಿಂಡಿ ಮತ್ತೆ ಹೊಲಕ್ಕೆ ಗೊಬ್ಬರವಾಗಿ ಮರಳುತ್ತಿತ್ತು. ಊರಿಗೆ ಸೇರಿದ ಮರಗಳ ತೋಪನ್ನು ಗುಂಡುತೋಪು ಎನ್ನುತ್ತಾರೆ. ಮಾವು, ಹಲಸು, ನೇರಳೆ, ಹಿಪ್ಪೆಗಳ ಈ ತೋಪುಗಳು ದನಗಳಿಗೆ ನೆರಳಾಗಿಯೂ ಸಂತೆಗೆ ಜಾಗವಾಗಿಯೂ ಬಳಕೆಯಾದವು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳು ದೇವರ ಮೀನುಗಳೆಂದು ಎಣಿಸಲ್ಪಟ್ಟು ಅಲ್ಲಿ ಬಲೆ ಬೀಸುವುದು ನಿಷಿದ್ಧವಾಗಿತ್ತು. ಸರ್ಕಾರವು ಅದನ್ನು ಮೀನುಗಳ ರಕ್ಷಿತ ಪ್ರದೇಶವೆಂದು ಗುರುತಿಸುವುದಕ್ಕೆ ಬಹುಕಾಲ ಮೊದಲೇ ಯಾತ್ರಿಕರು ಎಸೆಯುವ ಪುರಿಯಿಂದ ಬೆಳೆದ ದೊಡ್ಡ ಮೀನುಗಳು ಅಲ್ಲಿದ್ದವು.

ನದಿಯ ನೀರನ್ನು ದಡಕ್ಕೆ ಏರಿಸಿದ ಹಳೆಯ ಪ್ರಯತ್ನಗಳೂ ಇಲ್ಲಿವೆ. ಹೊಳೆನರಸೀಪುರದ ಕಡೆ ಹೇಮಾವತಿಗೆ ಅಡ್ಡಲಾಗಿರುವ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನ ಕಟ್ಟೇಪುರದ ಬಳಿ ಕಾವೇರಿಗೆ ಅಡ್ಡಲಾಗಿರುವ ಕೃಷ್ಣರಾಜ ಕಟ್ಟೆ ಇವುಗಳಲ್ಲಿ ಮುಖ್ಯವಾದವು. ಇಲ್ಲಿ ಕಟ್ಟೆಯೆಂದರೆ ನೀರನ್ನು ಸಂಗ್ರಹಿಸುವ ಅಣೆಕಟ್ಟಲ್ಲ, ಹರಿವಿನ ಮಟ್ಟವನ್ನು ಸ್ವಲ್ಪ ಎತ್ತರಿಸಿ ಪಕ್ಕದ ನಾಲೆಗೆ ತಿರುಗಿಸುವ ತಗ್ಗಿನ ಕಲ್ಲಿನ ಒಡ್ಡು. ಪ್ರವಾಹಕ್ಕೆ ಸಿಕ್ಕಿ ಒಡೆಯುವುದೂ ಮತ್ತೆ ಕಟ್ಟುವುದೂ ಇವುಗಳ ಚರಿತ್ರೆಯಲ್ಲಿ ಸಾಮಾನ್ಯ, ಮತ್ತು ಆ ವೆಚ್ಚ ಒಂದು ಊರಿನ ಶಕ್ತಿಯನ್ನು ಮೀರಿದ್ದರಿಂದ ಇವು ಬಹಳ ಹಿಂದಿನಿಂದಲೂ ಅರಮನೆಯ ಆಶ್ರಯದಲ್ಲಿದ್ದವು.

1799ರ ನಂತರ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಸಂಸ್ಥಾನದ ಅನೇಕ ಕೆರೆಗಳು ದುರಸ್ತಿಯಾದವು. 1856ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ, ಲೋಕೋಪಯೋಗಿ ಇಲಾಖೆ ಸ್ಥಾಪನೆಯಾಯಿತು. ಆದರೆ ಕೆರೆ ಪಾಲನೆಗೆ ಸಮಸ್ಯೆ ಹುಟ್ಟಿದ್ದು ಕಂದಾಯದ ಕಡೆಯಿಂದ. ಭೂಮಾಪನವಾಗಿ ಕಂದಾಯವು ಹಣದ ರೂಪದಲ್ಲಿ ನಿಗದಿಯಾದ ಮೇಲೆ, ಕಣದಲ್ಲಿ ರಾಶಿಯನ್ನು ಪಾಲು ಮಾಡುವ ಸಂದರ್ಭವೇ ಕ್ರಮೇಣ ಇಲ್ಲವಾಗಿ, ರಾಶಿಯಿಂದ ಕೆರೆಗೆ ಹೋಗುತ್ತಿದ್ದ ಪಾಲಿಗೂ ನೆಲೆ ತಪ್ಪಿತು. ಕೆರೆಯಡಿಯ ಕಂದಾಯ ಸರ್ಕಾರಕ್ಕೆ ಹೋಗುತ್ತಿರುವಾಗ ಏರಿಯ ಮಣ್ಣಿನ ಕೆಲಸವನ್ನು ಬಿಟ್ಟಿಯಾಗಿ ಮಾಡಬೇಕಾದವರು ತಾವೇಕೆ ಎಂಬ ರೈತರ ಪ್ರಶ್ನೆಗೆ ಸಂಸ್ಥಾನದ ಅಧಿಕಾರಿಗಳ ಬಳಿ ಸಮರ್ಪಕವಾದ ಉತ್ತರವಿರಲಿಲ್ಲ. ವರ್ಷಕ್ಕೆ 300 ರೂಪಾಯಿಗೆ ಮೇಲ್ಪಟ್ಟು ಕಂದಾಯ ತರುವ ಕೆರೆಗಳನ್ನು ದೊಡ್ಡ ಕೆರೆಗಳೆಂದು ವಿಂಗಡಿಸಿ ಇಲಾಖೆಗೆ ಒಪ್ಪಿಸಿ, ಉಳಿದ ಸಣ್ಣವುಗಳನ್ನು ತಾಲ್ಲೂಕಿನ ಕಂದಾಯಾಧಿಕಾರಿಗಳಾದ ಅಮಲ್ದಾರರ ಮೇಲ್ವಿಚಾರಣೆಗೂ ರೈತರ ಹೊಣೆಗೂ ಬಿಡಲಾಯಿತು. ಕೆರೆಗಳ ಸಾಲಿಗೆ ಈ ವಿಂಗಡಣೆ ಒಪ್ಪುವಂಥದಾಗಿರಲಿಲ್ಲ, ಏಕೆಂದರೆ ಮೇಲಿನ ಸಣ್ಣಕೆರೆ ಒಡೆದರೆ ಕೆಳಗಿನ ದೊಡ್ಡಕೆರೆಯ ಏರಿ ಕಂದಾಯದ ಅಂಕಿಯನ್ನು ನೋಡಿ ನಿಲ್ಲುವುದಿಲ್ಲ. 1911ರಲ್ಲಿ ಬಂದ ಕೆರೆ ಪಂಚಾಯಿತಿ ಕಾಯಿದೆಯು ಹೊಣೆಯನ್ನು ಮರಳಿ ಅಚ್ಚುಕಟ್ಟುದಾರರಿಗೆ ಕೊಡಲು ಯತ್ನಿಸಿತಾದರೂ ಅದು ಕೊಟ್ಟದ್ದು ಕರ್ತವ್ಯವನ್ನು, ಕಂದಾಯದಲ್ಲಿ ಪಾಲನ್ನಲ್ಲ. ಅದರ ಫಲ ನಿರೀಕ್ಷೆಯ ಮಟ್ಟಕ್ಕೆ ಬರಲಿಲ್ಲ.

ಸ್ವಾತಂತ್ರ್ಯಾನಂತರದ ಕಾನೂನುಗಳು ಮುರಿಯಲೇಬೇಕಾದುದನ್ನು ಮುರಿದವು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿ ಸೇವೆಯ ಇನಾಮು ಭೂಮಿಯನ್ನು ಅನುಭವಿಸುತ್ತಿದ್ದವರಿಗೇ ಮರುಮಂಜೂರು ಮಾಡುವ ಅವಕಾಶ ಕೊಟ್ಟಿತು. ತೋಟಿ, ತಳವಾರ, ನೀರುಗಂಟಿ ಮನೆತನಗಳಿಗೆ ಇದು ಬಿಡುಗಡೆಯೇ ಸರಿ. ಆದರೆ ತೂಬಿನ ಬಳಿ ನಿಲ್ಲುವ ಕೆಲಸಕ್ಕೆ ಜಾತಿಯ ಹಂಗಿಲ್ಲದ, ಸಂಬಳವಿರುವ ಹೊಸ ಹುದ್ದೆಯೊಂದನ್ನು ಪ್ರತಿ ಊರಿನಲ್ಲಿ ಸೃಷ್ಟಿಸುವ ಯೋಚನೆ ಆ ಕಾಯಿದೆಯ ಜೊತೆಗೆ ಬರಲಿಲ್ಲ. 1965ರ ನೀರಾವರಿ ಕಾಯಿದೆ, ಅನಂತರ 40 ಹೆಕ್ಟೇರ್ ಅಚ್ಚುಕಟ್ಟಿನವರೆಗಿನ ಕೆರೆಗಳು ಪಂಚಾಯತಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಎಂಬ ಹಂಚಿಕೆ, ಇವು ಹಳೆಯ 300 ರೂಪಾಯಿಯ ವಿಂಗಡಣೆಯನ್ನೇ ಬೇರೆ ಮಾನದಲ್ಲಿ ಮುಂದುವರಿಸಿದವು.

ಗೊರೂರಿನ ಬಳಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯವು ಜಿಲ್ಲೆಯ ನೀರಿನ ನಕ್ಷೆಯನ್ನೇ ಬದಲಿಸಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಚಿತ್ರಿಸಿದ ಹೊಳೆಯ ದಡದ ಹಳ್ಳಿಗಳ ಪಕ್ಕದಲ್ಲಿಯೇ ಹಲವು ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಇಗರ್ಜಿಯು ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಲ್ಲುವಂತಾಯಿತು. ನಾಲೆಯ ನೀರು ಬಂದ ಕಡೆ ಕೆರೆ ನಾಲೆಯ ಬಾಲವಾಯಿತು, ನೀರು ಬಿಡುವ ತೀರ್ಮಾನ ಊರ ಜಗಲಿಯಿಂದ ನೀರಾವರಿ ಸಲಹಾ ಸಮಿತಿಗೆ ಹೋಯಿತು, ನೀರುಗಂಟಿಯ ಜಾಗಕ್ಕೆ ದಿನಗೂಲಿಯ ಸೌಡಿ ಬಂದನು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗವು ತುಮಕೂರಿನ ಕಡೆಗೆ ನೀರು ಒಯ್ಯುತ್ತದೆ. ಸುರಂಗ ಕೊರೆದ ಮೇಲೆ ತಮ್ಮ ಬಾವಿ ಕೆರೆಗಳು ಬತ್ತಿದವೆಂಬುದು ಅದರ ಮೇಲ್ಭಾಗದ ಊರುಗಳ ರೈತರ ಬಹುಕಾಲದ ದೂರು. ಇದೇ ದಶಕಗಳಲ್ಲಿ ಕೊಳವೆಬಾವಿಯು ತೂಬನ್ನು ಅನಗತ್ಯವಾಗಿಸಿತು: ಚನ್ನರಾಯಪಟ್ಟಣದ ಕಡೆ ಅಚ್ಚುಕಟ್ಟಿನ ಗದ್ದೆಗಳು ತೆಂಗಿನ ತೋಟಗಳಾದವು. ಅದೇ ಹೊತ್ತಿಗೆ ಅರಕಲಗೂಡಿನ ರಾಮನಾಥಪುರದ ಸುತ್ತ ಹೊಗೆಸೊಪ್ಪು ಹಬ್ಬಿ ಅದನ್ನು ಹದಮಾಡುವ ಬ್ಯಾರನ್ನುಗಳಿಗೆ ಸೌದೆಯ ಬೇಡಿಕೆ ಏರಿತು, ಹಾಸನ ನಗರ ಬೆಳೆದಂತೆ ಸುತ್ತಲ ಕೆರೆಯಂಗಳಗಳು ನಿವೇಶನಕ್ಕೂ ಕೊಳಚೆಗೂ ತೆರೆದುಕೊಂಡವು.

ಮರಳಿ ಜೋಡಿಸುವ ಯತ್ನಗಳು ನಡೆದಿವೆ. ಕೃಷಿ ವಿಶ್ವವಿದ್ಯಾಲಯವು ಹಾಸನದ ಮಡೆನೂರಿನಲ್ಲಿ ಸ್ಥಾಪಿಸಿದ ಜೈವಿಕ ಇಂಧನ ಉದ್ಯಾನವು ಹೊಂಗೆ, ಬೇವು, ಹಿಪ್ಪೆಗಳನ್ನು ಬದುಗಳಿಗೆ ಮರಳಿಸಿ, ಬೀಜದಿಂದ ಡೀಸೆಲ್‌ಗೆ ಬದಲಿಯಾಗುವ ಎಣ್ಣೆಯನ್ನೂ ಹೊಲಕ್ಕೆ ಹಿಂಡಿಯನ್ನೂ ಪಡೆಯುವ ಲೆಕ್ಕವನ್ನು ರೈತರ ಮುಂದಿಟ್ಟಿತು. ಹಳೆಯ ಗಾಣದ ಚಕ್ರವೇ ಅದು, ದೀಪದ ಜಾಗದಲ್ಲಿ ಪಂಪ್‌ಸೆಟ್ಟು ಬಂದಿದೆಯಷ್ಟೆ. 2014ರಲ್ಲಿ ರಾಜ್ಯವು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯನ್ನು ಮಾಡಿತು. ಹಾಸನದಲ್ಲಿ ಹಸಿರುಭೂಮಿ ಪ್ರತಿಷ್ಠಾನದಂಥ ನಾಗರಿಕರ ಗುಂಪುಗಳು ಕಲ್ಯಾಣಿ ಕಟ್ಟೆಗಳ ಹೂಳೆತ್ತುವ ಶ್ರಮದಾನಕ್ಕೆ ಮುಂದಾದವು. ಒಂದು ಭಾನುವಾರದ ಶ್ರಮದಾನವು ಹೂಳನ್ನು ತೆಗೆಯಬಲ್ಲದು; ಪ್ರತಿ ಮಳೆಗಾಲಕ್ಕೆ ಮುಂಚೆ ಕೋಡಿಯ ಪೊದೆ ಕಡಿದು, ಕೆರೆಗೆ ನೀರು ತರುವ ರಾಜಕಾಲುವೆಯ ಒತ್ತುವರಿಯನ್ನು ತಡೆದು, ಏರಿಯ ಬಿಲ ಮುಚ್ಚುವ ಕೆಲಸ ಇನ್ನೊಂದು ಬಗೆಯದು, ಅದಕ್ಕೆ ಕೂಲಿ ಬೇಕು.

ಆ ಕೂಲಿಯನ್ನು ಕೊಡಬೇಕಾದವರು ಯಾರೆಂಬುದು ಹೊಯ್ಸಳರ ಕಾಲದಲ್ಲಿ ಸ್ಪಷ್ಟವಾಗಿತ್ತು: ತೂಬಿನ ಕೆಳಗೆ ಗದ್ದೆಯುಳ್ಳವರು. ಈಗ ಕೆರೆ ತುಂಬಿದರೆ ಲಾಭವಾಗುವುದು ಅಚ್ಚುಕಟ್ಟುದಾರರಿಗಷ್ಟೇ ಅಲ್ಲ. ಏರಿಯ ಹಿಂದೆ, ಪಕ್ಕದಲ್ಲಿ, ಅರ್ಧ ಹರದಾರಿಯಾಚೆ ಕೊಳವೆಬಾವಿ ತೆಗೆಸಿದ ತೆಂಗಿನ ತೋಟದವನಿಗೂ, ಅದೇ ಅಂತರ್ಜಲವನ್ನು ನಲ್ಲಿಯಲ್ಲಿ ಪಡೆಯುವ ಪಟ್ಟಣದ ಮನೆಗಳಿಗೂ ಅದರ ಫಲ ತಲುಪುತ್ತದೆ. ಇವರಲ್ಲಿ ಯಾರೂ ಕಣದಲ್ಲಿ ರಾಶಿ ಹಾಕುವವರಲ್ಲ, ಆಯ ಅಳೆಯುವ ಕೊಳಗಕ್ಕೆ ಇವರ ಫಸಲು ಸಿಗುವುದೂ ಇಲ್ಲ. ಇವರ ಪಾಲನ್ನು ಯಾವ ಅಳತೆಯಿಂದ ಗೊತ್ತುಮಾಡಬೇಕು, ಅದನ್ನು ಯಾವ ಪಂಚಾಯತಿ ಎತ್ತಬೇಕು ಎಂಬ ಬಗ್ಗೆ 1911ರ ಕಾಯಿದೆಯಾಗಲಿ ಅದರ ನಂತರದವಾಗಲಿ ಯೋಚಿಸಿದಂತಿಲ್ಲ.